ಪ್ರೆಸ್ ಬೇಡ, ಪ್ಲೈವುಡ್ ಚೂರು ಸಾಕು: ದಾವಣಗೆರೆಯಲ್ಲಿ ಕೂತು ವುಡ್‌ಕಟ್ ಮಾಡುವುದು

ವುಡ್‌ಕಟ್, ಅಂದರೆ ಮರದ ಹಲಗೆ ಕೆತ್ತಿ, ಇಂಕು ಹಚ್ಚಿ, ಕಾಗದಕ್ಕೆ ಚಿತ್ರ ಒತ್ತುವುದು. ಅದರ ಹೆಸರೆತ್ತಿದ ಕೂಡಲೇ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಪ್ರೆಸ್ ಇಲ್ವಲ್ಲ, ಹೇಗೆ ಮಾಡೋದು?" ಪ್ರೆಸ್ ಬೇಡ. ಹೊಕುಸಾಯ್‌ನ ದೊಡ್ಡ ಅಲೆಯ ಚಿತ್ರ ನೋಡಿಯೇ ಇರುತ್ತೀರಿ, ಈಗ ಟೀ ಶರ್ಟು, ಮೊಬೈಲ್ ಕವರ್ ಎಲ್ಲದರ ಮೇಲೂ ಇದೆ. 1831ರ ಸುಮಾರಿಗೆ ಜಪಾನಿನಲ್ಲಿ ಬಂದ ಆ ಚಿತ್ರದ ಒಂದೊಂದು ಪ್ರತಿಯನ್ನೂ ಕೈಯಲ್ಲಿ ಉಜ್ಜಿಯೇ ತೆಗೆದದ್ದು. ಕೆತ್ತಿದ ಹಲಗೆ, ಬಣ್ಣ, ಕಾಗದ, ಉಜ್ಜಲು ಅಂಗೈ ಅಗಲದ ಒಂದು ಬಿಲ್ಲೆ. ಆ ಬಿಲ್ಲೆಗೆ ಬಾರೆನ್ ಅಂತಾರೆ. ನಮಗೆ ಸ್ಟೀಲ್ ಚಮಚ ಸಾಕು.

ಮಿಕ್ಕ ಸಾಮಾನು ಊರಲ್ಲೇ ಸಿಗುತ್ತದೆ. ಪ್ಲೈವುಡ್ ಅಂಗಡಿ, ಫರ್ನಿಚರ್ ಮಾಡುವ ಶೆಡ್ಡು, ಲಗ್ನಪತ್ರಿಕೆ ಹೊಡೆಯುವ ಆಫ್‌ಸೆಟ್ ಪ್ರೆಸ್ಸು, ಒಂದು ಸ್ಟೇಷನರಿ ಅಂಗಡಿ, ಇಷ್ಟು ಕಡೆ ಓಡಾಡಿದರೆ ಮುಗಿಯಿತು. ಆನ್‌ಲೈನ್‌ನಲ್ಲಿ ತರಿಸಬೇಕಾಗಿ ಬರುವುದು ರಬ್ಬರ್ ರೋಲರ್ ಮತ್ತು ಉಳಿಗಳ ಸೆಟ್ ಮಾತ್ರ. ರೋಲರ್‌ಗೆ ಸ್ವಲ್ಪ ದುಡ್ಡು ಜಾಸ್ತಿ ಹಾಕಿ. ಅಗ್ಗದ ರೋಲರ್ ಸೊಟ್ಟಗಿದ್ದರೆ ಇಂಕು ಪಟ್ಟೆ ಪಟ್ಟೆಯಾಗಿ ಕೂರುತ್ತದೆ, ಆಮೇಲೆ ತಪ್ಪು ಕೆತ್ತನೆಯದೋ ಇಂಕಿನದೋ ಅಂತ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಇಡೀ ವಿದ್ಯೆಯ ಲೆಕ್ಕ ಒಂದೇ. ಹಲಗೆಯ ಮೇಲ್ಮೈಯಲ್ಲಿ ಏನು ಉಳಿಯುತ್ತದೋ ಅದಕ್ಕೆ ಇಂಕು ತಗಲುತ್ತದೆ, ಕಪ್ಪಾಗಿ ಬರುತ್ತದೆ. ಎಲ್ಲಿ ಕೆತ್ತಿ ತೆಗೆದಿರೋ ಅಲ್ಲಿ ಕಾಗದ ಬಿಳಿಯಾಗಿಯೇ ಉಳಿಯುತ್ತದೆ. ಪೆನ್ಸಿಲ್ ಹಿಡಿದರೆ ನಾವು ನೆರಳು ಬರೆಯುತ್ತಾ ಹೋಗುತ್ತೇವೆ, ಇಲ್ಲಿ ಬೆಳಕನ್ನು ಕೆತ್ತಬೇಕು. ಡ್ರಾಯಿಂಗ್ ಚೆನ್ನಾಗಿ ಬರುವವರೇ ಇಲ್ಲಿ ಜಾಸ್ತಿ ಒದ್ದಾಡುತ್ತಾರೆ, ಯಾಕಂದರೆ ಅವರಿಗೆ ತೆಳು ನೆರಳು, ನಡು ನೆರಳು, ಗಾಢ ನೆರಳು ಎಲ್ಲವೂ ಬೇಕು. ಮರದಲ್ಲಿ ಅದೆಲ್ಲ ಇಲ್ಲ. ಇದ್ದರೆ ಕಪ್ಪು, ಇಲ್ಲದಿದ್ದರೆ ಬಿಳಿ.

ಮರ ಯಾವುದು

ಶುರು ಮಾಡುವವರಿಗೆ 6 ಎಂಎಂ ಅಥವಾ 9 ಎಂಎಂ ಪ್ಲೈವುಡ್. ಹೊಸ ಶೀಟ್ ಕೊಳ್ಳಲು ಹೋಗಬೇಡಿ, ವಾರ್ಡ್‌ರೋಬ್ ಮಾಡುವವರ ಹತ್ತಿರ ಮೂಲೆಗೆ ಬಿದ್ದ ಚೂರುಗಳಿರುತ್ತವೆ, ಕೇಳಿದರೆ ಸುಮ್ನೆ ಕೊಡುತ್ತಾರೆ. 6 ಇಂಚು 8 ಇಂಚಿನ ಚೂರು ಮೊದಲ ಕೆಲಸಕ್ಕೆ ಧಾರಾಳ. ಚೂರನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಗೀರು, ತಗ್ಗು, ಗಂಟು ಎಲ್ಲ ಕಾಣುತ್ತದೆ. ಮೇಲ್ಪದರ ಎದ್ದಿರುವ ಚೂರು, ಮೈಕಾ ಅಂಟಿಸಿದ ಚೂರು ಬೇಡ. ಮೆರೈನ್ ಪ್ಲೈ ಕೂಡ ಬೇಡ, ಅದರೊಳಗಿನ ಅಂಟು ಗಟ್ಟಿ, ಉಳಿಯ ಬಾಯಿ ಬೇಗ ಮೊಂಡಾಗುತ್ತದೆ.

ಎಂಡಿಎಫ್, ಅಂದರೆ ಮರದ ಪುಡಿಗೆ ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ, ಅದರ ಬಗ್ಗೆ ಕೇಳುವವರಿದ್ದಾರೆ. ಕೆತ್ತಬಹುದು, ಸಲೀಸಾಗಿಯೂ ಇರುತ್ತದೆ. ಆದರೆ ಅದರಲ್ಲಿ ಮರದ ಎಳೆಯೇ ಇರುವುದಿಲ್ಲ, ಎಳೆ ಇಲ್ಲದ ಮೇಲೆ ಮರ ಯಾಕೆ, ನೆಲಕ್ಕೆ ಹಾಸುವ ಲೈನೋಲಿಯಮ್ (ಲೈನೋ) ಹಾಳೆ ಕೆತ್ತಿದರಾಯಿತು ಅಲ್ವಾ? ಅದರ ಧೂಳೂ ಒಳ್ಳೆಯದಲ್ಲ, ಉಜ್ಜುವಾಗ ಮಾಸ್ಕ್ ಬೇಕೇ ಬೇಕು.

ಕೈ ಪಳಗಿದ ಮೇಲೆ ನಿಜವಾದ ಹಲಗೆಗೆ ಹೋಗಿ. ಜಪಾನಿನವರು ಚೆರ್ರಿ ಮರ ಬಳಸುತ್ತಿದ್ದರು. ನಮ್ಮ ಕಡೆ ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರ ನುಣುಪಾದ, ಸಣ್ಣ ಎಳೆಯ ಮರ, ಸಿಕ್ಕರೆ ಬಿಡಬೇಡಿ. ಶಿವನಿಯೂ ಕೆತ್ತನೆಗೆ ಹೇಳಿ ಮಾಡಿಸಿದ್ದು. ತೇಗದ ಮೇಲೆ ಎಲ್ಲರಿಗೂ ಮೋಹ, ನನಗಿಲ್ಲ. ಅದರ ರಂಧ್ರಗಳು ದೊಡ್ಡವು, ಸಣ್ಣ ಗೆರೆ ನಿಲ್ಲುವುದಿಲ್ಲ. ಮಷೀನು ಪ್ಯಾಕ್ ಮಾಡಿ ಬರುವ ಪೈನ್ ಪೆಟ್ಟಿಗೆಗಳ ಹಲಗೆ ಮಾತ್ರ ಬೇರೆಯೇ ಮಜಾ. ಅದು ಮೆತ್ತಗಿರುತ್ತದೆ, ಎಳೆ ಎದ್ದು ಕಾಣುತ್ತದೆ. ತಂತಿ ಬ್ರಷ್‌ನಲ್ಲಿ ಎಳೆಯ ದಿಕ್ಕಿಗೇ ಚೆನ್ನಾಗಿ ಉಜ್ಜಿದರೆ ಮೆತ್ತಗಿನ ಭಾಗ ಸವೆದು ಗಟ್ಟಿ ಎಳೆ ಮಾತ್ರ ಮೇಲೆ ನಿಲ್ಲುತ್ತದೆ, ಇಂಕು ಹಚ್ಚಿ ತೆಗೆದರೆ ಏನೂ ಕೆತ್ತದೆಯೇ ಆಕಾಶವೋ ಕೆರೆ ನೀರೋ ಆಗಿಬಿಡುತ್ತದೆ. ನಾರ್ವೆಯ ಎಡ್ವರ್ಡ್ ಮುಂಕ್ 1890ರ ದಶಕದ ಕೊನೆಯಲ್ಲಿ ಮರದ ಎಳೆಯನ್ನು ಹೀಗೆ ರಾಜಾರೋಷವಾಗಿ ಚಿತ್ರದೊಳಕ್ಕೆ ಬಿಟ್ಟುಕೊಂಡವನು. ಅದಕ್ಕೆ ಮುಂಚೆ ಎಳೆ ಕಂಡರೆ ಕೆಲಸ ಕೆಟ್ಟಿತು ಅನ್ನುವ ಲೆಕ್ಕ ಇತ್ತು.

ಹಲಗೆ ಸಿಕ್ಕಿತು. ನಯವಾದ ಸ್ಯಾಂಡ್‌ಪೇಪರ್‌ನಲ್ಲಿ ಎಳೆಯ ದಿಕ್ಕಿಗೆ ಉಜ್ಜಿ ಧೂಳು ಒರೆಸಿ. ಬಡಗಿಗಳು ಹಚ್ಚುವ ಫ್ರೆಂಚ್ ಪಾಲಿಷ್ ಒಂದು ಕೈ ತೆಳ್ಳಗೆ ಕೊಟ್ಟರೆ ಪ್ಲೈ ಇಂಕನ್ನು ಕುಡಿಯುವುದಿಲ್ಲ. ಆಮೇಲೆ ಕಪ್ಪು ಡ್ರಾಯಿಂಗ್ ಇಂಕನ್ನು ನೀರಲ್ಲಿ ತೆಳು ಮಾಡಿ ಹಲಗೆಗೆಲ್ಲ ಬಳಿಯಿರಿ. ಪೂರ್ತಿ ಕಪ್ಪು ಬೇಡ, ಬೂದು ಬಣ್ಣ ಸಾಕು. ಹೀಗೆ ಮಾಡಿದರೆ ಕೆತ್ತಿದ ಕಡೆಯೆಲ್ಲ ಮರದ ತಿಳಿ ಬಣ್ಣ ಎದ್ದು ಕಾಣುತ್ತದೆ, ಅಚ್ಚು ಹೇಗೆ ಬರುತ್ತದೆ ಅಂತ ಕೆತ್ತುತ್ತಲೇ ಗೊತ್ತಾಗುತ್ತದೆ. ಈ ಒಂದು ಕೆಲಸ ಬಿಟ್ಟವರು ಕತ್ತಲಲ್ಲಿ ತಡಕಾಡುತ್ತಾರೆ.

ಚಿತ್ರ: ದುರ್ಗದ ಬಂಡೆಗಳಿಂದ ಶುರು ಮಾಡಿ

ಮೊದಲ ಚಿತ್ರಕ್ಕೆ ಮುಖ, ಹೂವು, ದೇವರು ಯಾವುದೂ ಬೇಡ. ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋಗಿ. ಏಳುಸುತ್ತಿನ ಕೋಟೆಯ ಒಳಗಿನ ಬಂಡೆಗಳು ವುಡ್‌ಕಟ್‌ಗಾಗಿಯೇ ಇಟ್ಟ ಹಾಗಿವೆ. ಬೆಳಿಗ್ಗೆ ಎಂಟರ ಹೊತ್ತಿಗೆ ಬಿಸಿಲು ಒಂದು ಪಕ್ಕಕ್ಕೆ ಬೀಳುತ್ತದೆ, ಒಂದು ಮಗ್ಗುಲು ಬೆಳ್ಳಗೆ, ಇನ್ನೊಂದು ಮಗ್ಗುಲು ಕಪ್ಪಗೆ, ನಡುವೆ ಏನೂ ಇಲ್ಲ. ಮಧ್ಯಾಹ್ನ ಹೋದರೆ ಉಪಯೋಗವಿಲ್ಲ, ಬೆಳಕು ನೆತ್ತಿಯಿಂದ ಬಿದ್ದು ಬಂಡೆ ಚಪ್ಪಟೆ ಕಾಣುತ್ತದೆ, ಜೊತೆಗೆ ನಿಮ್ಮ ತಲೆಯೂ ಕಾಯುತ್ತದೆ. ಒಂದು ಬಂಡೆ, ಅದರ ಮೇಲೊಂದು ಬುರುಜು, ಹಿಂದೆ ಗುಡ್ಡದ ಮೇಲಿನ ಗಾಳಿಯಂತ್ರ, ಇಷ್ಟು ಸಾಕು.

ಫೋಟೊ ತೆಗೆದು ಮೊಬೈಲ್‌ನಲ್ಲೇ ಕಪ್ಪುಬಿಳುಪು ಮಾಡಿ, ಕಾಂಟ್ರಾಸ್ಟ್ ಪೂರ್ತಿ ಏರಿಸಿ. ಬೂದು ಬಣ್ಣವೆಲ್ಲ ಹೋಗಿ ಎರಡೇ ಉಳಿದಾಗ ಚಿತ್ರ ಇನ್ನೂ ಗುರುತು ಸಿಗುತ್ತಿದ್ದರೆ ಅದು ಕೆತ್ತಲು ಯೋಗ್ಯ. ಸಿಗದಿದ್ದರೆ ಬೇರೆ ಫೋಟೊ ನೋಡಿ.

ಡ್ರಾಯಿಂಗ್ ಬರುವುದಿಲ್ಲ ಅಂತ ಹಿಂಜರಿಯುವವರಿಗೆ ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್‌ನ ಖಡ್ಗಮೃಗದ ಕತೆ. ಗುಜರಾತಿನ ಸುಲ್ತಾನ ಎರಡನೇ ಮುಜಫ್ಫರ್ ಷಾ ಕೊಟ್ಟ ಖಡ್ಗಮೃಗ 1515ರಲ್ಲಿ ಹಡಗು ಹತ್ತಿ ಲಿಸ್ಬನ್ ಮುಟ್ಟಿತು. ಡ್ಯೂರರ್ ಅದನ್ನು ಕಣ್ಣಾರೆ ನೋಡಲೇ ಇಲ್ಲ. ಯಾರೋ ಕಳಿಸಿದ ವಿವರಣೆ ಮತ್ತು ಒಂದು ಸ್ಕೆಚ್ ಇಟ್ಟುಕೊಂಡು ಅದೇ ವರ್ಷ ವುಡ್‌ಕಟ್ ಮಾಡಿದ. ಚರ್ಮ ಇರಬೇಕಾದಲ್ಲಿ ಕವಚದ ತಗಡು ಬಂತು, ಬೆನ್ನ ಮೇಲೆ ಇಲ್ಲದ ಕೊಂಬೊಂದು ಬಂತು. ಯೂರೋಪಿನವರು ನೂರಾರು ವರ್ಷ ಖಡ್ಗಮೃಗ ಅಂದರೆ ಇದೇ ಅಂದುಕೊಂಡರು. ಗೆರೆ ಗಟ್ಟಿಯಾಗಿದ್ದರೆ ತಪ್ಪೂ ನಡೆಯುತ್ತದೆ!

ಚಿತ್ರವನ್ನು ಹಲಗೆಗೆ ಇಳಿಸುವಾಗ ತಿರುಗಿಸಬೇಕು, ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದಲ್ಲ. ಟ್ರೇಸಿಂಗ್ ಪೇಪರ್ ಮೇಲೆ ಮೆತ್ತಗಿನ ಪೆನ್ಸಿಲ್‌ನಲ್ಲಿ ಬರೆದು, ಮಗುಚಿ ಹಾಕಿ, ಹಿಂದಿನಿಂದ ಉಜ್ಜಿದರೆ ಸಾಕು. ಬಂಡೆ ತಿರುಗಿದರೆ ಯಾರೂ ಕೇಳುವುದಿಲ್ಲ ಅಂದುಕೊಳ್ಳಬೇಡಿ. ದುರ್ಗದವರಿಗೆ ತೋರಿಸಿದರೆ ಮೊದಲ ನೋಟಕ್ಕೇ ಹಿಡಿಯುತ್ತಾರೆ, "ಬುರುಜು ಆ ಕಡೆ ಅಲ್ವಾ ಇರೋದು?" ಅಂತ. ಉಳಿಸಬೇಕಾದ ಕಪ್ಪನ್ನೆಲ್ಲ ಮಾರ್ಕರ್‌ನಲ್ಲಿ ತುಂಬಿಬಿಡಿ. ಕೆತ್ತುವಾಗ ಯೋಚನೆ ಮಾಡುತ್ತಾ ಕೂರುವ ಹಾಗಿರಬಾರದು.

ಕೆತ್ತನೆ

ಮೂರು ಆಯುಧ ಸಾಕು. ಚೂಪು ಮೊನೆಯ ಒಂದು ಚಾಕು, ವಿ ಆಕಾರದ ಉಳಿ, ಯು ಆಕಾರದ ಉಳಿ. ಗೆರೆಯ ಅಂಚಿಗೆ ಚಾಕು, ಗೀರಿಗೆ ವಿ, ದೊಡ್ಡ ಬಿಳಿ ಜಾಗ ಬಗೆದು ತೆಗೆಯಲು ಯು. ಮೊಂಡು ಉಳಿ ಮರವನ್ನು ಕತ್ತರಿಸುವುದಿಲ್ಲ, ಕೀಳುತ್ತದೆ, ಮತ್ತೆ ನಾವು ಜೋರಾಗಿ ಒತ್ತುತ್ತೇವೆ, ಅದು ಜಾರಿ ಕೈಗೆ ಬರುತ್ತದೆ. ಕೈ ಕುಯ್ದುಕೊಂಡವರಲ್ಲಿ ಹೆಚ್ಚಿನವರು ಮೊಂಡು ಉಳಿಯಿಂದಲೇ ಕುಯ್ದುಕೊಂಡಿರುವುದು. ಹತ್ತಿರ ಒಂದು ನಯವಾದ ಸಾಣೆಕಲ್ಲು ಮತ್ತು ಹಳೆ ಬೆಲ್ಟಿನ ತುಂಡು ಇರಲಿ, ಆಗಾಗ ಬೆಲ್ಟಿನ ಮೇಲೆ ಎಳೆದುಕೊಂಡರೆ ಹರಿತ ಉಳಿಯುತ್ತದೆ.

ಹಲಗೆ ಹಿಡಿಯುವ ಕೈ ಯಾವಾಗಲೂ ಉಳಿಯ ಹಿಂದೆ. ಮುಂದೆ ಬೇಡವೇ ಬೇಡ. ಇದಕ್ಕೊಂದು ಸುಲಭ ವ್ಯವಸ್ಥೆ ಇದೆ: ಒಂದು ಅಡಿ ಉದ್ದದ ಹಲಗೆಯ ಒಂದು ತುದಿಗೆ ಮೇಲೆ ಒಂದು ಪಟ್ಟಿ, ಇನ್ನೊಂದು ತುದಿಗೆ ಕೆಳಗೆ ಒಂದು ಪಟ್ಟಿ ಹೊಡೆಯಿರಿ. ಕೆಳಗಿನ ಪಟ್ಟಿ ಟೇಬಲ್ಲಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಮೇಲಿನದಕ್ಕೆ ನಿಮ್ಮ ಬ್ಲಾಕ್, ಅಂದರೆ ಚಿತ್ರ ಕೆತ್ತುವ ಹಲಗೆ, ಒರಗಿ ನಿಲ್ಲುತ್ತದೆ, ಎಷ್ಟು ತಳ್ಳಿದರೂ ಜಾರುವುದಿಲ್ಲ.

ಈಗ ಒಂದೇ ಒಂದು ಕಪ್ಪು ಗೆರೆ ಕೆತ್ತುವುದು ಹೇಗೆ ಅಂತ ನಿಧಾನವಾಗಿ ನೋಡೋಣ. ಮಿಕ್ಕಿದ್ದೆಲ್ಲ ಇದೇ. ಚಾಕುವನ್ನು ಗೆರೆಯ ಅಂಚಿನ ಮೇಲೆ ಇಟ್ಟು ಹಿಡಿಯನ್ನು ಸ್ವಲ್ಪ ಗೆರೆಯ ಕಡೆಗೆ ವಾಲಿಸಿ, ಆಗ ಚಾಕುವಿನ ಮೊನೆ ಗೆರೆಯಿಂದ ಹೊರಕ್ಕೆ ಇಳಿಯುತ್ತದೆ. ಹೀಗೆ ಅಂಚಿನ ಉದ್ದಕ್ಕೂ ಎಳೆಯಿರಿ. ಆಮೇಲೆ ಎರಡು ಎಂಎಂ ಆಚೆಯಿಂದ, ಎದುರು ದಿಕ್ಕಿನ ಓರೆಯಲ್ಲಿ ಇನ್ನೊಂದು ಗೀರು. ಎರಡೂ ತಳದಲ್ಲಿ ಸೇರಿದರೆ ನೂಲಿನಷ್ಟು ತೆಳ್ಳಗಿನ ಮರದ ಚೂರು ತಾನಾಗಿ ಎದ್ದು ಬರುತ್ತದೆ. ಬರಲಿಲ್ಲ ಅಂದರೆ ಕೀಳಬೇಡಿ, ಎಲ್ಲೋ ಕಡಿದಿಲ್ಲ, ಮತ್ತೊಮ್ಮೆ ಚಾಕು ಆಡಿಸಿ. ಗೆರೆಯ ಆಚೆ ಪಕ್ಕಕ್ಕೂ ಹೀಗೇ. ಉಳಿದ ಗೆರೆಯ ಬುಡ ಅಗಲ, ತಲೆ ಸಣ್ಣ ಇರಬೇಕು. ವಾಲಿಕೆ ತಿರುಗುಮುರುಗಾದರೆ ಗೆರೆಯ ಬುಡವೇ ಕತ್ತರಿಸಿಹೋಗಿ, ಚಮಚದಲ್ಲಿ ಉಜ್ಜುವಾಗ ಮುರಿದು ಬೀಳುತ್ತದೆ.

ಎಳೆಗೆ ಅಡ್ಡಲಾಗಿ ಬರುವ ಗೀರುಗಳನ್ನು ಮೊದಲು ಹಾಕಿ, ಎಳೆಯ ಉದ್ದಕ್ಕೆ ಬರುವುದನ್ನು ಆಮೇಲೆ. ಉದ್ದಕ್ಕೆ ಹೋಗುವ ಉಳಿ ಒಂದೊಂದು ಸಲ ಎಳೆ ಹಿಡಿದು ಓಡಿಬಿಡುತ್ತದೆ, ಅಡ್ಡ ಗೀರು ಮೊದಲೇ ಇದ್ದರೆ ಅಲ್ಲಿಗೆ ನಿಲ್ಲುತ್ತದೆ. ಬಾಗಿದ ಗೆರೆಯಲ್ಲಿ ಕೈ ತಿರುಗಿಸಬೇಡಿ, ಬ್ಲಾಕ್ ತಿರುಗಿಸಿ.

ಪ್ಲೈನಲ್ಲಿ ಮೇಲ್ಪದರ ಬಹಳ ತೆಳು, ಅದರ ಕೆಳಗಿನ ಪದರದ ಎಳೆ ಅಡ್ಡ ದಿಕ್ಕಿಗಿರುತ್ತದೆ. ಸಣ್ಣ ಬಿಳಿಗೆ ಮೇಲ್ಪದರ ಹೋದರೆ ಸಾಕು. ಅಗಲದ ಬಿಳಿ ಜಾಗವಾದರೆ ಇನ್ನೊಂದು ಪದರ ಇಳಿಯಬೇಕು, ಇಲ್ಲದಿದ್ದರೆ ಕಾಗದ ಬಗ್ಗಿ ತಳ ಮುಟ್ಟಿ ಕಲೆ ಮಾಡುತ್ತದೆ. ಆದರೂ ಅಲ್ಲಲ್ಲಿ ಉಳಿಯ ಗುರುತು ಒಂದಿಷ್ಟು ಬರುತ್ತದೆ, ಬರಲಿ. 1905ರಲ್ಲಿ ಜರ್ಮನಿಯ ಡ್ರೆಸ್ಡನ್‌ನಲ್ಲಿ 'ಡೀ ಬ್ರೂಕೆ' ಅನ್ನುವ ಕಲಾವಿದರ ಗುಂಪು ಕಟ್ಟಿದ ಕಿರ್ಶ್ನರ್ ಮತ್ತವನ ಗೆಳೆಯರು ಈ ಒರಟು ಗುರುತುಗಳನ್ನು ಬೇಕೆಂದೇ ಉಳಿಸಿದರು. ಅದೇ ದೇಶದ ಕೇತೆ ಕೋಲ್ವಿಟ್ಸ್ ಮೊದಲ ಮಹಾಯುದ್ಧದಲ್ಲಿ, 1914ರಲ್ಲಿ, ಮಗನನ್ನು ಕಳೆದುಕೊಂಡಾಕೆ. 1920ರ ದಶಕದ ಆರಂಭದಲ್ಲಿ ಯುದ್ಧದ ಬಗ್ಗೆ ಆಕೆ ಮಾಡಿದ ವುಡ್‌ಕಟ್‌ಗಳಲ್ಲಿ ಮುಕ್ಕಾಲು ಹಾಳೆ ಕಪ್ಪು. ಆ ಕಪ್ಪಿನೊಳಗೆ ಒಂದು ಕೈ, ಒಂದು ಕೆನ್ನೆ, ಅಷ್ಟೇ ಬೆಳಕು. ಎಷ್ಟು ಕಡಿಮೆ ಕೆತ್ತಿದರೆ ಸಾಕು ಅಂತ ತಿಳಿಯಬೇಕಾದರೆ ಆಕೆಯ ಕೆಲಸ ಹುಡುಕಿ ನೋಡಿ. ಸುಸ್ತಾಗುವವರೆಗೆ ಕೆತ್ತುವುದಕ್ಕಿಂತ ಬೇಗ ನಿಲ್ಲಿಸುವುದು ಮೇಲು. ತೆಗೆದ ಮರವನ್ನು ಮತ್ತೆ ಅಂಟಿಸಲಾಗುವುದಿಲ್ಲ.

ಕನ್ನಡ ಅಕ್ಷರ ಕೆತ್ತುವವರಿಗೆ

ಯುಗಾದಿ ಕಾರ್ಡು, ಪುಸ್ತಕದ ಮುಖಪುಟ ಅಂತ ಅಕ್ಷರಕ್ಕೆ ಕೈ ಹಾಕುವವರು ಜಾಸ್ತಿ, ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಂಗ್ಲಿಷ್ ಅಕ್ಷರ ಕೆತ್ತಲು ಹೇಳಿಕೊಡುವ ವಿಡಿಯೊಗಳು ಸಾವಿರ ಇವೆ, ಅವು ನಮಗೆ ಅರ್ಧ ಮಾತ್ರ ಉಪಯೋಗ. ಅಲ್ಲಿ ನೇರ ಗೆರೆ ಹೆಚ್ಚು. ನಮ್ಮಲ್ಲಿ ಎಲ್ಲ ಗುಂಡು, ಗುಂಡು ಅಂದಮೇಲೆ ಒಂದೇ ಅಕ್ಷರದೊಳಗೆ ಎಳೆಯ ಉದ್ದಕ್ಕೂ ಹೋಗಬೇಕು, ಅಡ್ಡಕ್ಕೂ ಹೋಗಬೇಕು.

'ಚಿತ್ರದುರ್ಗ' ಅಂತಲೇ ಕೆತ್ತುತ್ತೀರಿ ಅಂದುಕೊಳ್ಳಿ. ಕಣ್ಣಂದಾಜಿನಲ್ಲಿ ತಿರುಗಿಸಿ ಬರೆಯಲು ಹೋದರೆ 'ರ್ಗ'ದ ಹತ್ತಿರ ಕೈ ಕೊಡುತ್ತದೆ. ಅರ್ಕಾವೊತ್ತು ಕಾಗದದಲ್ಲಿ ಗ ಅಕ್ಷರದ ಬಲಕ್ಕೆ ಬರಬೇಕು, ಹಾಗಾಗಿ ಬ್ಲಾಕ್‌ನಲ್ಲಿ ಎಡಕ್ಕೆ, ಅದೂ ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿಕೊಂಡು. ಟ್ರೇಸಿಂಗ್ ಪೇಪರ್ ಬಿಟ್ಟು ಬೇರೆ ದಾರಿ ಹಿಡಿಯಬೇಡಿ. ಇಳಿಸಿದ ಮೇಲೆ ಬ್ಲಾಕನ್ನು ಕನ್ನಡಿ ಮುಂದೆ ಹಿಡಿದು ಒಂದು ಸಲ ಓದಿ, ಮೊಬೈಲ್‌ನ ಸೆಲ್ಫಿ ಕ್ಯಾಮೆರಾ ಆದರೂ ಆದೀತು.

ಅಕ್ಷರದ ಒಳಗಿನ ಬಿಳಿಯನ್ನು ಮೊದಲು ತೆಗೆಯಿರಿ, ಹೊರಗಿನದು ಆಮೇಲೆ. ದ, ಗ, ರ ಇವುಗಳ ಹೊಟ್ಟೆಯೊಳಗಿನ ಜಾಗ ತೆಗೆಯುವಾಗ ಹೊರಗೆ ಇನ್ನೂ ತುಂಬಾ ಮರ ಇರುತ್ತದೆ, ಗೆರೆಗೆ ಆಸರೆ ಇರುತ್ತದೆ. ಹೊರಗೆ ಮೊದಲು ತೆಗೆದುಬಿಟ್ಟರೆ ಒಳಗೆ ಉಳಿ ಹಾಕಿದಾಗ ಅಕ್ಷರವೇ ಪಕ್ಕಕ್ಕೆ ಸಿಡಿಯುತ್ತದೆ. 'ತ್ರ'ದ ಕೆಳಗಿನ ಒತ್ತು ಮತ್ತು ಮೇಲಿನ ಅಕ್ಷರದ ನಡುವೆ ಕನಿಷ್ಠ ಒಂದು ಉಳಿ ಹೋಗುವಷ್ಟು ಜಾಗ ಬಿಟ್ಟು ಬರೆಯಿರಿ. ಠ ಒಳಗಿನ ಚುಕ್ಕಿ ಪ್ಲೈನಲ್ಲಿ ನಿಲ್ಲುವುದು ಕಷ್ಟ, ಅಕ್ಷರ ದೊಡ್ಡದಿರಲಿ, ಚುಕ್ಕಿಯ ಸುತ್ತ ಮೊದಲು ಚಾಕುವಿನಲ್ಲಿ ಗುಂಡಗೆ ಗೀರಿಕೊಳ್ಳಿ. ಗೆರೆಯ ದಪ್ಪ ಎರಡು ಎಂಎಂಗಿಂತ ಕಡಿಮೆ ಬೇಡ. ಅಥವಾ ಅಕ್ಷರವನ್ನೇ ಬಿಳಿಯಾಗಿಸಿ, ಸುತ್ತ ಕಪ್ಪು ಬಿಡಿ. ಆಗ ವಿ ಉಳಿಯಲ್ಲಿ ಬರೆದ ಹಾಗೆ ಕೆತ್ತಿಕೊಂಡು ಹೋಗಬಹುದು, ಕೆಲಸ ಕಾಲು ಭಾಗಕ್ಕೆ ಇಳಿಯುತ್ತದೆ. ದಂಡಿ ಯಾತ್ರೆಯ ಗಾಂಧೀಜಿಯನ್ನು ನಂದಲಾಲ್ ಬೋಸ್ 1930ರಲ್ಲಿ ಲೈನೋದಲ್ಲಿ ಕೆತ್ತಿದ್ದು ಈ ರೀತಿಯಲ್ಲೇ, ಕಪ್ಪು ಹಿನ್ನೆಲೆಯಲ್ಲಿ ಬರೀ ಬಿಳಿ ಗೆರೆ.

ಹಿಂದೆ ಇಡೀ ಪುಟವನ್ನೇ ಒಂದು ಹಲಗೆಯಲ್ಲಿ ಹೀಗೆ ತಿರುಗುಮುರುಗಾಗಿ ಕೆತ್ತುತ್ತಿದ್ದರು. ಚೀನಾದ ದುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕ ವಜ್ರಸೂತ್ರದ ಸುರುಳಿ 868ರದ್ದು, ದಿನಾಂಕ ನಮೂದಾಗಿರುವ ಮುದ್ರಿತ ಪುಸ್ತಕಗಳಲ್ಲಿ ಪೂರ್ತಿಯಾಗಿ ಉಳಿದಿರುವ ಅತ್ಯಂತ ಹಳೆಯದು. ಸುಮಾರು 5 ಮೀಟರ್ ಉದ್ದ, ಶುರುವಿಗೇ ಬುದ್ಧನ ಚಿತ್ರ, ಆಮೇಲೆ ಅಕ್ಷರ, ಎಲ್ಲ ಮರದ್ದೇ. ಅಚ್ಚುಮೊಳೆ ಬಂದಮೇಲೆ ಅಕ್ಷರ ಸೀಸಕ್ಕೆ ಹೋಯಿತು. ಕನ್ನಡಕ್ಕೆ ಆ ಭಾಗ್ಯ ಬಂದಿದ್ದು 1817ರಲ್ಲಿ, ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾದಾಗ. ಚಿತ್ರಗಳು ಮಾತ್ರ ಬಹಳ ಕಾಲ ಮರದಲ್ಲೇ ಉಳಿದವು. ಕಾರಣ ಸರಳ: ಮೊಳೆಯೂ ಉಬ್ಬು, ಮರದ ಬ್ಲಾಕೂ ಉಬ್ಬು, ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಬಿಗಿದು ಒಂದೇ ಸಲಕ್ಕೆ ಒತ್ತಬಹುದಿತ್ತು. ಇಂಗ್ಲೆಂಡಿನ ಥಾಮಸ್ ಬೆವಿಕ್ 18ನೇ ಶತಮಾನದ ಕೊನೆಯಲ್ಲಿ ಕಾಂಡವನ್ನು ಅಡ್ಡ ಕೊಯ್ದ ಗಟ್ಟಿ ಮರದ ತಲೆಯ ಮೇಲೆ ಕೆತ್ತಿ ಕೂದಲೆಳೆಯಂಥ ಗೆರೆ ತಂದ. ಅಡ್ಡ ಕೊಯ್ದಲ್ಲಿ ಎಳೆಯ ಕಾಟ ಇರುವುದಿಲ್ಲ. ಅದಕ್ಕೆ ವುಡ್ ಎನ್‌ಗ್ರೇವಿಂಗ್ ಅಂತಾರೆ, ಆಯುಧವೇ ಬೇರೆ, ಇವತ್ತಿನ ಮಾತಲ್ಲ.

ಇಂಕು, ಕಾಗದ, ಚಮಚ

ಇಂಕಿಗೆ ಆಫ್‌ಸೆಟ್ ಪ್ರೆಸ್‌ಗೆ ಹೋಗಿ ಕಪ್ಪು ಇಂಕು ಸ್ವಲ್ಪ ಕೇಳಿ. ಲಗ್ನದ ಸೀಸನ್‌ನಲ್ಲಿ ಹೋಗಬೇಡಿ, ಅವರಿಗೆ ನಿಮ್ಮ ಜೊತೆ ಮಾತಾಡಲೂ ಪುರಸೊತ್ತಿರುವುದಿಲ್ಲ. ಆಫ್‌ಸೆಟ್ ಇಂಕು ವುಡ್‌ಕಟ್‌ಗೆಂದು ಮಾಡಿದ್ದಲ್ಲ, ಸ್ವಲ್ಪ ಅಂಟು ಜಾಸ್ತಿ, ಆದರೆ ಕೆಲಸ ನಡೆಯುತ್ತದೆ. ಬೇಸಿಗೆಯಲ್ಲಿ ನಮ್ಮ ಊರ ಸೆಕೆಗೆ ತೀರಾ ಸಡಿಲವಾದರೆ ಚಿಟಿಕೆ ಮ್ಯಾಗ್ನೀಷಿಯಂ ಕಾರ್ಬೋನೇಟ್ ಪುಡಿ ಬೆರೆಸಿ.

ಗಾಜಿನ ಮೇಲೆ ಅರ್ಧ ಚಮಚ ಇಂಕು ಹಾಕಿ ರೋಲರ್ ಓಡಿಸಿ. ಉದ್ದಕ್ಕೆ, ಅಡ್ಡಕ್ಕೆ, ಎತ್ತಿ ಮತ್ತೆ. ಇಂಕು ಸರಿಯಾದಾಗ ಕಿವಿಗೆ ಗೊತ್ತಾಗುತ್ತದೆ: ಸೆಲೋಟೇಪ್ ನಿಧಾನಕ್ಕೆ ಬಿಡಿಸಿದಂತೆ ಸಣ್ಣ ಚರಚರ ಸದ್ದು. ಪಚಪಚ ಅಂದರೆ ಇಂಕು ಜಾಸ್ತಿ ಆಗಿದೆ, ಗಾಜಿನ ಮೇಲಿಂದ ಒಂದಿಷ್ಟು ತೆಗೆಯಿರಿ. ಬ್ಲಾಕ್ ಮೇಲೆ ರೋಲರ್ ಒತ್ತಬೇಡಿ, ಅದರ ಭಾರಕ್ಕೇ ಉರುಳಲಿ. ತೆಳ್ಳಗೆ ಮೂರು ನಾಲ್ಕು ಸಲ ಹಚ್ಚಿದ್ದು, ದಪ್ಪಗೆ ಒಂದು ಸಲ ಹಚ್ಚಿದ್ದಕ್ಕಿಂತ ಯಾವಾಗಲೂ ಮೇಲು. ಹೊಸ ಬ್ಲಾಕ್ ಮೊದಮೊದಲು ಇಂಕು ಹೀರಿಕೊಳ್ಳುತ್ತದೆ, ಹಾಗಾಗಿ ಮೊದಲ ಎರಡು ಪ್ರೂಫ್ (ಪರೀಕ್ಷೆಗೆ ತೆಗೆದ ಅಚ್ಚು) ಪೇಲವ ಬಂದರೆ ಗಾಬರಿ ಬೇಡ.

ಜಪಾನಿನವರು ರೋಲರ್ ಮುಟ್ಟುತ್ತಿರಲಿಲ್ಲ. ನೀರಿನ ಬಣ್ಣಕ್ಕೆ ಅಕ್ಕಿ ಗಂಜಿಯಂಥ ಅಂಟು ಸೇರಿಸಿ ಬ್ರಷ್‌ನಲ್ಲಿ ಬ್ಲಾಕ್‌ಗೆ ಹಚ್ಚಿ, ಒದ್ದೆ ಕಾಗದ ಹಾಕಿ ಉಜ್ಜುತ್ತಿದ್ದರು. ಚೆಂದ ಬರುತ್ತದೆ, ಆದರೆ ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಕಾಗದ ಹಾಕುವಷ್ಟರಲ್ಲಿ ಬಣ್ಣ ಒಣಗಿರುತ್ತದೆ. ಅದನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ.

ಕಾಗದ ತೆಳ್ಳಗಿದ್ದು ಗಟ್ಟಿ ಇರಬೇಕು. ನೇಪಾಳಿ ಕಾಗದ ಬಹಳ ಒಳ್ಳೆಯದು, ತೆಳ್ಳಗಿನ ಕೈಕಾಗದವೂ ಆಗುತ್ತದೆ. ದಪ್ಪ ಡ್ರಾಯಿಂಗ್ ಶೀಟ್ ಚಮಚಕ್ಕೆ ಬಗ್ಗುವುದಿಲ್ಲ, ಅದಕ್ಕೆ ಪ್ರೆಸ್ಸೇ ಬೇಕು. ಪ್ರೂಫ್‌ಗೆ ನ್ಯೂಸ್‌ಪ್ರಿಂಟ್ ಸಾಕು. ನುಣುಪು ಮುಖ ಕೆಳಗೆ ಬರುವಂತೆ ಕಾಗದ ಹಾಕಿ, ಅಂಗೈಯಲ್ಲಿ ಸವರಿ, ಮೇಲೊಂದು ಬಟರ್ ಪೇಪರ್ ಇಟ್ಟು ಚಮಚದ ಬೆನ್ನಿನಲ್ಲಿ ನಡುವಿನಿಂದ ಹೊರಕ್ಕೆ ಸಣ್ಣ ಸಣ್ಣ ಸುತ್ತು ಉಜ್ಜುತ್ತಾ ಬನ್ನಿ. ಒಂದು ಕೈ ಕಾಗದ ಅಲುಗದಂತೆ ಹಿಡಿದಿರಲಿ. ಒಂದು ಮೂಲೆ ಮಾತ್ರ ಎತ್ತಿ ನೋಡಿ, ಪೇಲವ ಇದ್ದರೆ ಮತ್ತೆ ಮಲಗಿಸಿ ಅಲ್ಲಿ ಇನ್ನಷ್ಟು ಉಜ್ಜಿ. ತೋಳು ನೋಯುತ್ತದೆ, ಅದಕ್ಕೆ ಮದ್ದಿಲ್ಲ.

ಪ್ರೂಫ್ ನೋಡಿ ರೋಗ ಹೇಳಬಹುದು. ಕಪ್ಪಿನಲ್ಲಿ ಉಪ್ಪು ಚೆಲ್ಲಿದಂತೆ ಬಿಳಿ ಚುಕ್ಕಿ ಇದ್ದರೆ ಇಂಕು ಕಡಿಮೆ ಅಥವಾ ಉಜ್ಜಿದ್ದು ಕಡಿಮೆ. ಸಣ್ಣ ಬಿಳಿ ಗೆರೆಗಳು ಮುಚ್ಚಿಹೋಗಿದ್ದರೆ ಇಂಕು ಜಾಸ್ತಿ. ಒಂದೇ ಜಾಗದಲ್ಲಿ ಪ್ರತಿ ಸಲ ಪೇಲವ ಬರುತ್ತಿದ್ದರೆ ಬ್ಲಾಕ್ ಬಾಗಿದೆ, ಆ ಜಾಗದ ಕೆಳಗೆ ಕಾಗದದ ಎರಡು ಪದರ ಇಟ್ಟು ಎತ್ತರಿಸಿ. ಗೆರೆ ಎರಡೆರಡಾಗಿ ಬಂದಿದ್ದರೆ ಕಾಗದ ಅಲುಗಿದೆ.

ಎರಡನೇ ಬಣ್ಣ

ಅತಿ ಸುಲಭದ ದಾರಿ, ಕಪ್ಪು ಅಚ್ಚು ಒಣಗಿದ ಮೇಲೆ ವಾಟರ್ ಕಲರ್‌ನಲ್ಲಿ ಕೈಯಿಂದ ತುಂಬುವುದು. ಎಣ್ಣೆ ಇಂಕು ನೀರಿಗೆ ಹರಡುವುದಿಲ್ಲ. 19ನೇ ಶತಮಾನದ ಕಲ್ಕತ್ತೆಯ ಬಟ್ಟಾಲದ ಓಣಿಗಳಲ್ಲಿ ದೇವರ ಪಟಗಳನ್ನು ಮಾಡಿ ಮಾರುತ್ತಿದ್ದುದೂ ಹೀಗೆಯೇ, ಮರದ ಅಚ್ಚಿನಲ್ಲಿ ಕಪ್ಪು ಗೆರೆ, ಮೇಲೆ ಕೈಬಣ್ಣ. ಲಿಥೊ (ಕಲ್ಲಚ್ಚಿನ) ಪಟಗಳು ಬಂದಮೇಲೆ ಆ ವ್ಯಾಪಾರ ಮುಗಿಯಿತು. ಆದರೆ ಬಂಗಾಳದಲ್ಲಿ ಮರ ಬಿಟ್ಟುಹೋಗಲಿಲ್ಲ, 1946ರ ತೇಭಾಗ ರೈತ ಹೋರಾಟವನ್ನು ಕಣ್ಣಾರೆ ಕಂಡು ಸೋಮನಾಥ ಹೋರ್ ಮಾಡಿದ ವುಡ್‌ಕಟ್‌ಗಳು, ಹರೇನ್ ದಾಸರ ಹಳ್ಳಿಯ ಚಿತ್ರಗಳು ಹುಡುಕಿದರೆ ಸಿಗುತ್ತವೆ. ನಮ್ಮ ಗದ್ದೆ ಕೆಲಸ ಕೆತ್ತುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಅಚ್ಚಿನಲ್ಲೇ ಬಣ್ಣ ಬೇಕು ಅಂದರೆ ಬಣ್ಣಕ್ಕೊಂದು ಬ್ಲಾಕ್. ಜಪಾನಿನಲ್ಲಿ 1765ರಲ್ಲಿ ಚಿತ್ರಕಾರ ಹರುನೊಬು ಕಾಲಕ್ಕೆ ಬಹುವರ್ಣದ ಅಚ್ಚು ರೂಢಿಗೆ ಬಂತು. ಎಲ್ಲ ಬಣ್ಣ ಒಂದೇ ಜಾಗಕ್ಕೆ ಕೂರಲು ಅವರು ಪ್ರತಿ ಬ್ಲಾಕ್‌ನ ಒಂದು ಮೂಲೆಯಲ್ಲಿ ಎಲ್ ಆಕಾರದ ಗುರುತು, ಅದೇ ಅಂಚಿನಲ್ಲಿ ಸ್ವಲ್ಪ ದೂರಕ್ಕೆ ಒಂದು ನೇರ ಗುರುತು ಕೆತ್ತುತ್ತಿದ್ದರು, ಕಾಗದದ ಮೂಲೆ ಮತ್ತು ಅಂಚು ಅಲ್ಲಿಗೆ ಒತ್ತಿ ಕೂರುತ್ತಿತ್ತು. ನೀವು ರಟ್ಟಿನಲ್ಲಿ ಮಾಡಿ. ದೊಡ್ಡ ರಟ್ಟಿನ ಮೇಲೆ ಬ್ಲಾಕ್ ಕೂರುವ ಜಾಗಕ್ಕೆ ಮೂಲೆಯ ತಡೆ, ಅದರ ಹೊರಗೆ ಕಾಗದದ ಮೂಲೆಗೆ ಇನ್ನೊಂದು ತಡೆ ಅಂಟಿಸಿ. ತಿಳಿ ಬಣ್ಣ ಮೊದಲು, ಕಪ್ಪು ಕೊನೆಗೆ.

ಒಂದೇ ಬ್ಲಾಕ್‌ನಲ್ಲಿ ಕೆತ್ತುತ್ತಾ, ಒತ್ತುತ್ತಾ, ಮತ್ತೆ ಕೆತ್ತುತ್ತಾ ಹೋಗುವ ದಾರಿಯೂ ಇದೆ, ಪಿಕಾಸೊ 1950ರ ದಶಕದ ಕೊನೆಗೆ ಲೈನೋದಲ್ಲಿ ಅದನ್ನು ಪ್ರಸಿದ್ಧ ಮಾಡಿದ. ಬ್ಲಾಕ್ ಉಳಿಯುವುದಿಲ್ಲ, ಹಿಂದೆ ಹೋಗುವ ಹಾಗಿಲ್ಲ. ಶುರುವಿಗೇ ಬೇಡ.

ಹೊಕುಸಾಯ್ ಚಿತ್ರ ಬರೆದ, ಆದರೆ ಕೆತ್ತಿದವನು ಬೇರೆ, ಒತ್ತಿದವನು ಬೇರೆ, ದುಡ್ಡು ಹಾಕಿ ಮಾರಿದವನು ಇನ್ನೊಬ್ಬ. ನೀವು ನಾಲ್ಕೂ ಕೆಲಸ ಒಬ್ಬರೇ ಮಾಡುತ್ತಿದ್ದೀರಿ, ಹಾಗಾಗಿ ಒಂದೇ ದಿನ ಎಲ್ಲ ಮುಗಿಸಲು ಹೋಗಬೇಡಿ. ಕೆತ್ತುವ ದಿನ ಬೇರೆ, ಒತ್ತುವ ದಿನ ಬೇರೆ ಇರಲಿ. ಮರದ ಹೊಟ್ಟು ಹಾರಾಡುವ ಜಾಗದಲ್ಲಿ ಇಂಕು ತೆರೆದರೆ ಎಲ್ಲ ಅದಕ್ಕೇ ಅಂಟುತ್ತದೆ. ಪ್ರೆಸ್‌ನಲ್ಲಿ ಒತ್ತಿದ ಕೆಲಸ ಹೇಗಿರುತ್ತದೆ ಅಂತ ನೋಡುವ ಆಸೆ ಇದ್ದರೆ ಊರಲ್ಲೇ ದೃಶ್ಯಕಲಾ ಮಹಾವಿದ್ಯಾಲಯ ಇದೆ, ವಿದ್ಯಾರ್ಥಿಗಳ ಪ್ರದರ್ಶನ ಇದ್ದಾಗ ಹೋಗಿ ನೋಡಿ.

ಅಚ್ಚುಗಳನ್ನು ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ಲಿಪ್ ಹಾಕಿ ನೆರಳಲ್ಲಿ ಒಣಗಿಸಿ, ಕೆಲವು ದಿನ ಬೇಕಾಗುತ್ತದೆ. ಆಮೇಲೆ ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ ಎಡಕ್ಕೆ ಸಂಖ್ಯೆ, ನಡುವೆ ಹೆಸರು, ಬಲಕ್ಕೆ ಸಹಿ. 3/15 ಅಂದರೆ ಹದಿನೈದರಲ್ಲಿ ಮೂರನೆಯದು. ಹದಿನೈದು ಅಂತ ಬರೆದ ಮೇಲೆ ಹದಿನಾರನೆಯದು ತೆಗೆಯಬಾರದು.

ಗಾಜು, ರೋಲರ್, ಬ್ಲಾಕ್ ಎಲ್ಲವನ್ನೂ ಅಡುಗೆ ಎಣ್ಣೆ ಅದ್ದಿದ ಹಳೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪಿನ ಒದ್ದೆ ಬಟ್ಟೆ. ಬ್ಲಾಕನ್ನು ನಲ್ಲಿ ಕೆಳಗೆ ಹಿಡಿಯಬೇಡಿ, ಬಾಗುತ್ತದೆ. ಎಣ್ಣೆ, ಇಂಕು ಹತ್ತಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಹಾಕುವ ಅಭ್ಯಾಸ ಬಿಡಿ. ಒಣಗುವ ಎಣ್ಣೆ ತಾನಾಗಿ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಹೊರಹೋಗದೆ ಬೆಂಕಿ ಹತ್ತುವುದೂ ಉಂಟು. ಬಿಡಿಬಿಡಿಯಾಗಿ ಹರಡಿ ಒಣಗಿಸಿ ಆಮೇಲೆ ಎಸೆಯಿರಿ. ಬ್ಲಾಕ್ ಒಣಗಿದ ಮೇಲೆ ಕಾಗದದಲ್ಲಿ ಸುತ್ತಿ ನೆಲ ಬಿಟ್ಟು ಮೇಲೆ ಇಡಿ, ಗೆದ್ದಲಿಗೆ ಪ್ಲೈ ಅಂದರೆ ಪ್ರಾಣ. ಹಿಂದೆ ಚಿತ್ರದ ಹೆಸರು, ವರ್ಷ, ಯಾವ ಬಣ್ಣದ ಬ್ಲಾಕ್ ಅಂತ ಮಾರ್ಕರ್‌ನಲ್ಲಿ ಬರೆದಿರಲಿ. ಒಂದೇ ಅಳತೆಯ ನಾಲ್ಕು ಬಂಡೆ ಬ್ಲಾಕ್‌ಗಳು ಸೇರಿದ ಮೇಲೆ ಯಾವುದು ಯಾವುದರ ಜೋಡಿ ಅಂತ ನೋಡಿದರೆ ಗೊತ್ತಾಗುವುದಿಲ್ಲ.